"ಏನಾದ್ರೂ ಕಾಣಿಸ್ತಾ?" ಅಂತ ಕೇಳೋರಿಗೆಲ್ಲ ಒಂದೇ ಸಲ

ಒಂದು ವಾರ ಚಿಕ್ಕ ಬೋಟಲ್ಲಿ ಕರಾವಳಿ ಉದ್ದಕ್ಕೂ ಓಡಾಡಿ ಡಾಲ್ಫಿನ್ನು, ಹಕ್ಕಿ, ಕಡಲಾಮೆ ನೋಡ್ಕೊಂಡು ಬಂದೆ ಅಂದ ತಕ್ಷಣ ಎಲ್ಲರೂ ಕೇಳೋದು ಇದೇ, "ಏನಾದ್ರೂ ಕಾಣಿಸ್ತಾ?" ಹೂಂ ಅಂದ್ರೆ "ಎಷ್ಟು?", ಅದಕ್ಕೂ ಉತ್ತರ ಕೊಟ್ರೆ "ಹತ್ರ ಬಂತಾ?", ಆಮೇಲೆ "ಹಾಗಾದ್ರೆ ದುಡ್ಡು ವಸೂಲು ಬಿಡಿ". ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದೀನಿ.

ಕಾಣಿಸ್ತು ರೀ. ಆದ್ರೆ ಕರೆದಾಗ ಬರೋದಲ್ಲ ಅದು. ಬೆಳಿಗ್ಗೆ ಬೇಗ ಹೊರಟ್ರೆ ನೀರು ಸಮ ಇರುತ್ತೆ, ಹೊತ್ತೇರ್ತಾ ನೆಲ ನೀರಿಗಿಂತ ಬೇಗ ಕಾಯುತ್ತೆ, ಕಡಲ ಕಡೆಯಿಂದ ಗಾಳಿ ಶುರುವಾಗುತ್ತೆ. ಗಾಳಿ ಅಳೆಯೋಕೆ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಮಾಡಿಟ್ಟ ಸ್ಕೇಲ್ ಇವತ್ತಿಗೂ ಬಳಕೇಲಿದೆ, ಅದರಲ್ಲಿ 3 ಮುಟ್ತು ಅಂದ್ರೆ ಅಲ್ಲಲ್ಲಿ ಬಿಳಿ ನೊರೆ ಏಳೋಕೆ ಶುರು, ಆಮೇಲೆ ಯಾವುದು ಅಲೆ ಯಾವುದು ಬೆನ್ನಿನ ರೆಕ್ಕೆ ಅಂತ ಗೊತ್ತಾಗೋದೇ ಕಷ್ಟ. ಪ್ರಾಣಿ ಅಲ್ಲೇ ಇರುತ್ತೆ, ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ. ಆಗ ಹಕ್ಕಿ ನೋಡ್ಬೇಕು. ರೀವಗಳು (ಇಂಗ್ಲಿಷಲ್ಲಿ ಟರ್ನ್ ಅಂತಾರಲ್ಲ, ಆ ಹಕ್ಕಿ) ಒಂದೇ ಜಾಗದಲ್ಲಿ ಮೇಲಿಂದ ಮೇಲೆ ನೀರಿಗೆ ಧುಮುಕ್ತಿದ್ರೆ ಅಲ್ಲಿ ಸಣ್ಣ ಮೀನು ಮೇಲೆ ಬಂದಿದೆ ಅಂತ ಅರ್ಥ, ಎಷ್ಟೋ ಸಲ ಕೆಳಗಿಂದ ಅಟ್ಟಿಸ್ತಿರೋರು ಬೇರೆ ಇರ್ತಾರೆ.

ಫೋಟೋ ತೋರಿಸಿದ್ರೆ ನಮ್ಮ ಕಸಿನ್ನೊಬ್ಬ ಝೂಮ್ ಮಾಡಿ ಮಾಡಿ ನೋಡಿ "ಬರೀ ನೀರಿದೆಯಲ್ಲೋ" ಅಂದ. ಆ ನೀರಿನ ಮೇಲೆ ಒಂದು ಕಪ್ಪು ಗೆರೆ ಇದೆಯಲ್ಲಪ್ಪಾ, ಅದೇ ಡಾಲ್ಫಿನ್. ಅಷ್ಟು ದೂರದಿಂದ ತೆಗೆದಿದ್ದು ಬೇಕಂತಲೇ.

ಯಾಕೆ ಅಂತ ಹೇಳ್ತೀನಿ. ಒಂದು ಬೆಳಿಗ್ಗೆ ಕೊಲ್ಲಿಯೊಳಗೆ ಸ್ಪಿನ್ನರ್ ಡಾಲ್ಫಿನ್ ಗುಂಪು ಸಿಕ್ತು. ಗಾಳಿಯಲ್ಲಿ ಬುಗುರಿ ಥರ ತಿರುಗೋ ಜಾತಿ ಅದು, ಆದ್ರೆ ಆವತ್ತು ಒಂದೂ ಹಾರಲಿಲ್ಲ. ಮೈಗೆ ಮೈ ತಾಗೋ ಹಾಗೆ ಒತ್ತೊತ್ತಾಗಿ, ನಿಧಾನಕ್ಕೆ, ಒಟ್ಟಿಗೆ ಮೇಲೆ ಬಂದು ಉಸಿರು ಬಿಟ್ಟು ಒಟ್ಟಿಗೇ ಮುಳುಗ್ತಿದ್ವು. ನಮ್ಮ ಬೋಟ್ ನಡೆಸೋರು ದೂರದಲ್ಲೇ ಗೇರ್ ನ್ಯೂಟ್ರಲ್ ಮಾಡಿ, ಮಲಗಿದಾವೆ, ಸುಮ್ನಿರಿ ಅಂದ್ರು. ಅಷ್ಟರಲ್ಲಿ ಇನ್ನೊಂದು ಬೋಟು ಫುಲ್ ಸ್ಪೀಡಲ್ಲಿ ಬಂದು ಗುಂಪಿನ ಸುತ್ತ ರೌಂಡ್ ಹೊಡೀತು, ಮೇಲಿದ್ದವರೆಲ್ಲ ಶಿಳ್ಳೆ, ಚಪ್ಪಾಳೆ, "ಜಂಪ್ ಜಂಪ್" ಅಂತ ಕಿರುಚಾಟ. ಗುಂಪು ಎರಡಾಗಿ ಒಡೆದು, ಮುಳುಗಿ, ಎಲ್ಲೋ ಆಚೆ ಎದ್ದು ಕೊಲ್ಲಿಯಿಂದ ಹೊರಗೆ ಹೋಗೇ ಬಿಡ್ತು. ಆ ಬೋಟಿನವರು ಖುಷಿಯಾಗಿ ವಾಪಸ್ ಹೋದ್ರು, ಯಾಕಂದ್ರೆ ಅವರಿಗೆ "ಕಾಣಿಸ್ತು".

ಸ್ಪಿನ್ನರ್‌ಗಳು ಬೇಟೆ ಆಡೋದು ರಾತ್ರಿ, ಆಳದ ಸಣ್ಣ ಮೀನು, ಸ್ಕ್ವಿಡ್ ಎಲ್ಲ ಮೇಲಕ್ಕೆ ಬರೋ ಹೊತ್ತಲ್ಲಿ. ಹಗಲು ಮರಳು ತಳದ ಕೊಲ್ಲಿಗೆ ಬಂದು ಮಲಗ್ತಾವೆ, ಅಲ್ಲಿ ಶಾರ್ಕ್ ಬಂದ್ರೆ ಗೊತ್ತಾಗುತ್ತೆ. ಡಾಲ್ಫಿನ್ ನಿದ್ದೆಯೇ ಅರೆಬರೆ, ಮೆದುಳಿನ ಒಂದು ಭಾಗ ಮಲಗಿದ್ರೆ ಇನ್ನೊಂದು ಎಚ್ಚರ ಇರಬೇಕು, ಉಸಿರಾಡೋಕೆ ಮೇಲೆ ಬರಲೇಬೇಕಲ್ಲ. ಅಂಥ ನಿದ್ದೇನ ದಿನಾ ಬೆಳಿಗ್ಗೆ ಬೋಟಿನ ಮೇಲೆ ಬೋಟು ಬಂದು ಕೆಡಿಸಿದ್ರೆ ರಾತ್ರಿ ಬೇಟೆಗೆ ಶಕ್ತಿ ಎಲ್ಲಿಂದ ಬರಬೇಕು? ಹವಾಯಿಯಲ್ಲಿ ಇದೇ ಕಾರಣಕ್ಕೆ 2021ರಲ್ಲಿ ಕಾನೂನೇ ಮಾಡಿದ್ರು, ದಡದಿಂದ 2 ನಾಟಿಕಲ್ ಮೈಲಿ ಒಳಗೆ ಸ್ಪಿನ್ನರ್‌ಗಳಿಗೆ 50 ಗಜಕ್ಕಿಂತ ಹತ್ರ ಹೋಗೋ ಹಾಗಿಲ್ಲ.

ಹಕ್ಕಿಗಳ ಬಗ್ಗೆ ಅಂತೂ ಯಾರೂ ಕೇಳೋದೇ ಇಲ್ಲ! ಇಳಿತದ ಹೊತ್ತಲ್ಲಿ ಕೆಸರು ಬಯಲಾದಾಗ ಉದ್ದ ಕೊಕ್ಕು ಚುಚ್ಚಿ ಚುಚ್ಚಿ ಹುಳ ತಿಂತಾವಲ್ಲ, ಅವುಗಳ ಊಟದ ಟೈಮು ಉಬ್ಬರ ಇಳಿತದ ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಿರುತ್ತೆ, ನೀರು ಮತ್ತೆ ಏರೋದ್ರೊಳಗೆ ಸಿಕ್ಕಿದ್ದೇ ಸಿಕ್ಕಿದ್ದು. 2022ರಲ್ಲಿ ಅಂಥದ್ದೇ ಒಂದು ಹಕ್ಕಿ, ಬಾರ್-ಟೇಲ್ಡ್ ಗಾಡ್‌ವಿಟ್, ಹುಟ್ಟಿ ಕೆಲವೇ ತಿಂಗಳಾದ ಮರಿ, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನದಲ್ಲಿ 13,560 ಕಿ.ಮೀ. ಎಲ್ಲೂ ಇಳಿಯದೆ ಹಾರಿದೆ. ಅಷ್ಟಕ್ಕೂ ಇಂಧನ ಕೆಸರಲ್ಲಿ ತಿಂದು ಕೂಡಿಟ್ಟ ಕೊಬ್ಬು. ಫೋಟೋಗೋಸ್ಕರ ಅಂತ ಗುಂಪನ್ನ ಒಂದು ಸಲ ಎಬ್ಬಿಸಿ ಹಾರಿಸಿದ್ರೆ ಆ ಕೊಬ್ಬೇ ಖರ್ಚು.

ಹಾಗಾಗಿ "ಎಷ್ಟು ನೋಡಿದೆ" ಬಿಟ್ಟು, "ನಿನ್ನನ್ನ ನೋಡಿ ಅವು ಏನ್ ಮಾಡಿದ್ವು" ಅಂತ ಕೇಳಿ ನೋಡೋಣ. ಅದಾದ್ರೆ ಗಂಟೆಗಟ್ಲೆ ಹೇಳ್ತೀನಿ. ಕಡಲಾಮೆ ತಲೆ ಎತ್ತಿ ಉಸಿರು ತಗೊಂಡು ನಮ್ಮ ಕಡೆ ನೋಡಿ ಮತ್ತೆ ಇನ್ನೊಂದು ಉಸಿರೂ ತಗೊಳ್ತು, ಅಂದ್ರೆ ಹೆದರಿಲ್ಲ. ಎರಡು ಡಾಲ್ಫಿನ್ ತಾವಾಗೇ ತಿರುಗಿ ಬಂದು ಬೋಟಿನ ಮೂತಿ ಮುಂದೆ ಸ್ವಲ್ಪ ಹೊತ್ತು ಈಜಿ, ಬೇಜಾರಾದಾಗ ಹೊರಟು ಹೋದ್ವು. ನನಗೆ ಆ ವಾರ ಅಂದ್ರೆ ಇಷ್ಟೇ, ಇದು ಸಣ್ಣದು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ನೀವೂ ಹೋಗಿ, ಖಂಡಿತ ಹೋಗಿ. ಬುಕ್ ಮಾಡೋ ಮುಂಚೆ ಬೋಟಿನವರನ್ನ ಒಂದು ಮಾತು ಕೇಳಿ, ಪ್ರಾಣಿ ಕಂಡ್ರೆ ಏನ್ ಮಾಡ್ತೀರಾ ಅಂತ. "ನಿಧಾನ ಮಾಡಿ ದೂರ ನಿಲ್ಲಿಸ್ತೀವಿ" ಅಂದ್ರೆ ಹತ್ತಿ. "ಮುಟ್ಟೋವಷ್ಟು ಹತ್ರ ಕರ್ಕೊಂಡು ಹೋಗ್ತೀವಿ, ಗ್ಯಾರಂಟಿ" ಅಂದ್ರೆ ಬೇರೆ ಬೋಟ್ ಹುಡುಕಿ.