ವರದಿ ಯಾರ ಕೈಗೆ ಹೋಗುತ್ತದೆ?

ಯೋಜನೆಯೊಂದು ಫಲ ಕೊಟ್ಟಿದೆಯಾ ಅಂತ ನೋಡುವ ಮೌಲ್ಯಮಾಪನದ ಸಂದರ್ಶನಕ್ಕೆ ಕೂತರೆ ಮೊದಲ ಪ್ರಶ್ನೆ ನನ್ನದಲ್ಲ, ಎದುರಿನವರದು. ನನ್ನ ಹೆಸರು ಬರುತ್ತದಾ? ಇದನ್ನು ಯಾರು ಓದುತ್ತಾರೆ? ಅಧಿಕಾರಿಯಾಗಲಿ, ಎನ್‌ಜಿಒ ಕಾರ್ಯಕರ್ತೆಯಾಗಲಿ, ಈ ಎರಡು ತಪ್ಪುವುದಿಲ್ಲ. "ಇಲಾಖೆಗೇ ಹೋಗುತ್ತದೆ" ಅಂದೆನೋ, ಯೋಜನೆ ಚೆನ್ನಾಗಿಯೇ ನಡೆಯುತ್ತಿದೆ ಅನ್ನುತ್ತಾರೆ. ನಿಜವಾದ ಮಾತು ಶುರುವಾಗುವುದು ನಾನು ಪೆನ್ನು ಮುಚ್ಚಿದ ಮೇಲೆ. ಅವರನ್ನು ದೂರುವುದು ಸುಲಭ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ ಅಲ್ವಾ?

ವಿಶ್ವಬ್ಯಾಂಕ್ ತಾನು ಕೆಲಸ ಮಾಡುವ ದೇಶಗಳಲ್ಲಿ ತನ್ನ ಬಗ್ಗೆ ಅಭಿಪ್ರಾಯ ಸಮೀಕ್ಷೆ ಮಾಡಿಸುತ್ತದೆ. ಸಚಿವಾಲಯದವರು, ಸಂಸದರು, ಬೇರೆ ದಾನಿ ಸಂಸ್ಥೆಗಳು, ಉದ್ಯಮಿಗಳು, ಪತ್ರಕರ್ತರು, ಪ್ರಾಧ್ಯಾಪಕರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಫಲಿತಾಂಶ ಬಚ್ಚಿಡುವುದಿಲ್ಲ, ಅದು ಒಳ್ಳೆಯದೇ. ಆದರೆ ಪಟ್ಟಿಯಲ್ಲಿರುವವರು ಹೆಚ್ಚಾಗಿ ಬ್ಯಾಂಕಿನ ಜೊತೆ ಒಡನಾಟ ಇರುವವರು. ಯೋಜನೆಗೆ ಜಮೀನು ಬಿಟ್ಟುಕೊಟ್ಟವರ ಅಂಕ ಅಲ್ಲಿ ಎಲ್ಲಿದೆ?

ಅವರ ಮಾತು ಕೇಳಿಸಿದ ರೀತಿಯೇ ಬೇರೆ. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ಬ್ಯಾಂಕ್ 45 ಕೋಟಿ ಡಾಲರ್ ಸಾಲ ಒಪ್ಪಿತ್ತು. ಊರು ಮುಳುಗುವವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಬ್ಯಾಂಕ್ ಹೊರಗಿನವರ ಆಯೋಗವೊಂದನ್ನು ನೇಮಿಸಿತು. ಬ್ರಾಡ್‌ಫರ್ಡ್ ಮೋರ್ಸ್ ಅದರ ಅಧ್ಯಕ್ಷರು. ಪುನರ್ವಸತಿ ಸರಿಯಾಗಿಲ್ಲ, ಪರಿಸರದ ಲೆಕ್ಕವೂ ಸರಿಯಾಗಿಲ್ಲ, ಬ್ಯಾಂಕ್ ಹಿಂದೆ ಸರಿಯಲಿ ಅಂತ 1992ರಲ್ಲಿ ಆ ಆಯೋಗ ನೇರವಾಗಿ ಬರೆಯಿತು. ಮರುವರ್ಷ ಭಾರತ ಉಳಿದ ಸಾಲ ಬೇಡ ಅಂದಿತು. ಅದೇ 1993ರಲ್ಲಿ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಪ್ಯಾನಲ್ ಬಂತು. ಯೋಜನೆಯಿಂದ ತೊಂದರೆಯಾದವರು ಅಲ್ಲಿ ತಾವೇ ದೂರು ಕೊಡಬಹುದು. ಅದು ವರದಿ ಒಪ್ಪಿಸುವುದು ಸಾಲ ಕೊಡುವ ಸಿಬ್ಬಂದಿಗಲ್ಲ, ನಿರ್ದೇಶಕ ಮಂಡಳಿಗೆ.

ನನಗೆ ಮುಖ್ಯ ಅನ್ನಿಸುವುದು ಈ ಕೊನೆಯ ವಿಷಯ. ಬ್ಯಾಂಕಿನ ಸ್ವತಂತ್ರ ಮೌಲ್ಯಮಾಪನ ವಿಭಾಗ ಐಇಜಿ ಕೂಡ ಹೀಗೇ, ಮಂಡಳಿಗೆ ಉತ್ತರ ಕೊಡುತ್ತದೆ. ಯೋಜನೆ ನಡೆಸಿದವರು ತಮಗೆ ತಾವೇ ಹಾಕಿಕೊಂಡ ಅಂಕವನ್ನು ಅದು ಮತ್ತೆ ನೋಡುತ್ತದೆ. ಕೆಲವು ಸಲ ಇಳಿಸುತ್ತದೆ. ಒಳಗಿನವರಿಗೆ ಇದು ಕಿರಿಕಿರಿ, ಹೊರಗಿನವರಿಗೆ ಇಷ್ಟೂ ಸಾಲದು.

ಸರ್ಕಾರಗಳ ಕಥೆ ಇನ್ನೂ ನಾಜೂಕು. ಇಲ್ಲಿ ಮೌಲ್ಯಮಾಪನ ಅಂದರೆ ಜಾಸ್ತಿ ಜನಕ್ಕೆ ಆಡಿಟ್ ಬಂದಂತೆ. ಫೈಲು ಸರಿಮಾಡು, ಬೋರ್ಡು ನೆಡು. ಮೇಲಿನವರಿಗೋ, ಬೇಡವಾದರೆ ಕಚೇರಿಯನ್ನೇ ಮುಚ್ಚಬಹುದು. ಭಾರತದಲ್ಲಿ 1952ರಿಂದಲೇ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆ ಒಂದು ಸಂಸ್ಥೆ ಇತ್ತು. ಆಮೇಲೆ ಬಂದ ಸ್ವತಂತ್ರ ಮೌಲ್ಯಮಾಪನ ಕಚೇರಿ ಹೆಚ್ಚು ಕಾಲ ಬಾಳಲಿಲ್ಲ. 2015ರಲ್ಲಿ ಎರಡನ್ನೂ ಸೇರಿಸಿ ನೀತಿ ಆಯೋಗದ ಕೆಳಗೆ ತಂದರು. ಬಡತನದ ಅಳತೆಗೆ ಹೆಸರಾಗಿದ್ದ ಮೆಕ್ಸಿಕೋದ ಮೌಲ್ಯಮಾಪನ ಸಂಸ್ಥೆ ಕೊನೆವಾಲ್ ಕೂಡ 2025ರಲ್ಲಿ ಇಲ್ಲವಾಯಿತು. ಅದರ ಕೆಲಸ ಅಂಕಿಅಂಶ ಸಂಸ್ಥೆಗೆ ಹೋಯಿತು.

ಹಾಗಾಗಿ ವರದಿ ಓದುವಾಗ ನನಗೆ ವಿಧಾನದ ಅಧ್ಯಾಯಕ್ಕಿಂತ ಬೇರೆ ಪುಟಗಳ ಮೇಲೆ ಕಣ್ಣು. ಮಾಡಿಸಿದ್ದು ಯಾರು, ದುಡ್ಡು ಯಾರದು, ಕರಡನ್ನು ಮೊದಲು ಯಾರು ನೋಡಿದರು, ಶಿಫಾರಸಿಗೆ ಇಲಾಖೆ ಬರವಣಿಗೆಯಲ್ಲಿ ಉತ್ತರ ಕೊಟ್ಟಿದೆಯಾ. ಉತ್ತರದ ಪುಟವೇ ಇಲ್ಲದಿದ್ದರೆ, ಸಂದರ್ಶನದಲ್ಲಿ ಜನ ಏನನ್ನು ನುಂಗಿಕೊಂಡಿರಬಹುದು ಅಂತ ಯೋಚಿಸುತ್ತಾ ಉಳಿದದ್ದನ್ನು ಓದುತ್ತೇನೆ.