ಇಂಗ್ಲೆಂಡಿನಲ್ಲಿ ಕುದುರೆ ಸವಾರಿ ಕಲಿಸುವ ಕೆಲಸ: ಮೊದಲು ಪೊರಕೆ, ಆಮೇಲೆ ಜೀನು

ಕುದುರೆ ಸವಾರಿ ಕಲಿಸೋದಕ್ಕೂ ಪರೀಕ್ಷೆ ಪಾಸಾಗಬೇಕಾ ಅಂತ ಊರ ಕಡೆಯವರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಡುವ ಬದಲು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಈಚೆಗೆ ಬೆಂಗಳೂರಿನ ಹುಡುಗ ಹುಡುಗಿಯರೇ ನಾವೂ ಕೋಚ್ ಆಗಬೇಕು, ಎಷ್ಟು ತಿಂಗಳ ಕೋರ್ಸು ಅಂತ ಕೇಳಲು ಶುರು ಮಾಡಿದ್ದಾರೆ. ತಿಂಗಳ ಲೆಕ್ಕದಲ್ಲಿ ಮುಗಿಯುವ ಕೆಲಸವಲ್ಲ ಇದು.

ಮೊದಲು ಒಂದು ವಿಚಿತ್ರ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಕುದುರೆಗೆ ಲಾಳ ಹೊಡೆಯಬೇಕಾದರೆ ಕಾನೂನಿನ ಪ್ರಕಾರ ನೋಂದಣಿ ಆಗಿರಲೇಬೇಕು. 1975ರ ಕಾಯ್ದೆ ಅದು. ವರ್ಷಗಟ್ಟಲೆ ಅನುಭವಿಗಳ ಕೈಕೆಳಗೆ ದುಡಿದು, ಪರೀಕ್ಷೆ ಪಾಸು ಮಾಡಿಕೊಂಡವರಷ್ಟೇ ಗೊರಸಿಗೆ ಮೊಳೆ ಹೊಡೆಯಬಹುದು. ಆದರೆ ನಾನು ಸವಾರಿ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಅಂಥ ಕಾನೂನಿಲ್ಲ. ದುಡ್ಡು ತಗೊಂಡು, ತಮ್ಮದೇ ಕುದುರೆ ಕೊಟ್ಟು ಕಲಿಸುವ ರೈಡಿಂಗ್ ಸ್ಕೂಲುಗಳಿಗೆ ಮಾತ್ರ ಸ್ಥಳೀಯ ಕೌನ್ಸಿಲ್‌ನ ಲೈಸೆನ್ಸ್ ಬೇಕು, ಪಶುವೈದ್ಯರ ತಪಾಸಣೆ ಆಗಬೇಕು, ವಿಮೆ ಇರಬೇಕು. ಮೂರು ವರ್ಷ ತುಂಬದ ಕುದುರೆಯನ್ನಾಗಲಿ, ತುಂಬು ಗಬ್ಬದ ಕುದುರೆಯನ್ನಾಗಲಿ ಬಾಡಿಗೆಗೆ ಬಿಡುವಂತಿಲ್ಲ. ಕೋಚ್‌ಗೆ ಸರ್ಟಿಫಿಕೇಟ್ ಕೇಳುವುದು ಸರ್ಕಾರಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮ, ವಿಮೆ ಕಂಪನಿ ಮತ್ತು ಕೆಲಸ ಕೊಡುವ ಯಾರ್ಡ್ (ಕುದುರೆಗಳನ್ನು ಸಾಕುವ ಲಾಯದ ಆವರಣ).

ನಾನು ಪಡೆದಿರುವುದು ಬ್ರಿಟಿಷ್ ಹಾರ್ಸ್ ಸೊಸೈಟಿಯದು. ಎಲ್ಲರೂ ಬಿಎಚ್ಎಸ್ ಅನ್ನುತ್ತಾರೆ. 1947ರಲ್ಲಿ ಶುರುವಾದ ಸಂಸ್ಥೆ, ಕಚೇರಿ ವಾರ್ವಿಕ್‌ಶೈರ್‌ನಲ್ಲಿದೆ. ಸ್ಟೇಜ್ 1ರಿಂದ 5ರವರೆಗೆ ಹಂತಗಳಿವೆ, ಅದರ ಮೇಲೆ ಫೆಲೋ ಅನ್ನುವ ದೊಡ್ಡ ಪದವಿ. ಮೂರನೇ ಹಂತ ದಾಟಿದವರು ಕೋಚ್, ನಾಲ್ಕನೆಯದು ಸೀನಿಯರ್ ಕೋಚ್, ಐದನೆಯದು ಪರ್ಫಾರ್ಮೆನ್ಸ್ ಕೋಚ್. ನಾನು ಮೂರರಲ್ಲಿದ್ದೇನೆ. ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಹಿಡಿಸಿದ್ದು ಒಂದೇ ವಿಷಯ: ಎಷ್ಟೇ ಚೆನ್ನಾಗಿ ಸವಾರಿ ಮಾಡಿದರೂ, ಕುದುರೆಯ ಆರೈಕೆ ಗೊತ್ತಿಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಸವಾರಿಗೆ ಬೇರೆ ಪರೀಕ್ಷೆ, ಆರೈಕೆಗೆ ಬೇರೆ ಪರೀಕ್ಷೆ, ಕಲಿಸುವುದಕ್ಕೆ ಇನ್ನೊಂದು. ಪರೀಕ್ಷಕರು ಒಂದು ಕುದುರೆಯ ಪಕ್ಕ ನಿಲ್ಲಿಸಿ, ಇದರ ಮೈಕಟ್ಟು ಹೇಗಿದೆ, ಕಾಲಲ್ಲಿ ಬಿಸಿ ಇದೆಯಾ, ಜೀನು ಬೆನ್ನಿಗೆ ಸರಿಯಾಗಿ ಕೂತಿದೆಯಾ, ಈ ಲಾಳ ಇನ್ನೂ ಎಷ್ಟು ದಿನ ನಡೆಯುತ್ತದೆ ಅಂತ ಕೇಳುತ್ತಾರೆ. ಕೈಯಿಟ್ಟು ಮುಟ್ಟಿ ನೋಡಿ ಅಭ್ಯಾಸ ಇಲ್ಲದವರು ಅಲ್ಲೇ ನಿಂತುಬಿಡುತ್ತಾರೆ.

ಆ ಅಭ್ಯಾಸ ನನಗೆ ಬಂದದ್ದಕ್ಕೆ ವೀಸಾ ಒಂದು ಕಾರಣ. ಇದು ನಮ್ಮವರು ತಿಳಿದಿರಲೇಬೇಕಾದ ವಿಷಯ. ಗಂಡನ ಕೆಲಸದ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದವಳು ನಾನು. ಡಿಪೆಂಡೆಂಟ್‌ಗಳು ಇಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸ ಮಾಡಬಹುದು, ಆದರೆ ವೃತ್ತಿಪರ ಕ್ರೀಡಾಪಟು ಆಗುವಂತಿಲ್ಲ, ಕ್ರೀಡಾ ಕೋಚ್ ಕೂಡ ಅದರೊಳಗೇ ಬರುತ್ತಾರೆ. ಹಾಗಾಗಿ ಇಲ್ಲಿ ಕಾಯಂ ಇರುವ ಅನುಮತಿ ಸಿಗುವವರೆಗೆ ದುಡ್ಡು ತಗೊಂಡು ಪಾಠ ಹೇಳಲಿಲ್ಲ. ಲಾಯದಲ್ಲಿ ಗ್ರೂಮ್ ಆಗಿ, ಅಂದರೆ ಕುದುರೆ ನೋಡಿಕೊಳ್ಳುವವಳಾಗಿ ದುಡಿದೆ, ನಡುವೆ ಪರೀಕ್ಷೆಗಳಿಗೆ ಕೂತೆ. ಅಮ್ಮ ಫೋನಿನಲ್ಲಿ, "ಇಂಜಿನಿಯರಿಂಗ್ ಓದಿ ಲದ್ದಿ ಬಾಚ್ತೀಯೇನೇ?" ಅಂತ ನೊಂದುಕೊಂಡಳು. ಹೌದಮ್ಮ, ಬಾಚುತ್ತೇನೆ, ಅದನ್ನು ನೋಡಿದರೆ ಕುದುರೆಯ ಹೊಟ್ಟೆ ಹೇಗಿದೆ ಅಂತ ಗೊತ್ತಾಗುತ್ತದೆ ಅಂದೆ. ನಿಜವಾಗಿಯೂ ಹಾಗೆಯೇ. ಬೆಳಿಗ್ಗೆ ಲದ್ದಿ ಕಡಿಮೆ ಇದ್ದರೆ, ಮೇವು ಹಾಗೇ ಉಳಿದಿದ್ದರೆ, ಹೊಟ್ಟೆನೋವು ಶುರುವಾಗಿರಬಹುದು ಅಂತ ಮೊದಲು ಅನುಮಾನ ಬರಬೇಕಾದ್ದು ಗುಡಿಸುವವರಿಗೇ. ಕುದುರೆಗೆ ಹೊಟ್ಟೆನೋವು ಅಂದರೆ ಜೀವಕ್ಕೇ ಅಪಾಯ ಆಗಬಹುದು, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

ಇನ್ನೊಂದು, ಕುದುರೆಯ ಜಠರದಲ್ಲಿ ಹಗಲೂ ರಾತ್ರಿ ಆಮ್ಲ ಸುರಿಯುತ್ತಲೇ ಇರುತ್ತದೆ. ನಮ್ಮ ಹಾಗೆ ಊಟದ ಹೊತ್ತಿಗೆ ಜಾಸ್ತಿ, ಉಳಿದ ಹೊತ್ತು ಕಡಿಮೆ ಅಂತ ಅಲ್ಲ. ಅದಕ್ಕೇ ಗಂಟೆಗಟ್ಟಲೆ ಹುಲ್ಲಿಲ್ಲದೆ ನಿಲ್ಲಿಸಿದರೆ ಹುಣ್ಣಾಗುತ್ತದೆ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಹತ್ತು ಕಿಲೋ ಒಣಹುಲ್ಲು ಬೇಕು, ಅದನ್ನೂ ದಿನವಿಡೀ ಹಂಚಿ ಕೊಡಬೇಕು. (ನಮ್ಮ ಕಡೆ ಕುದುರೆ ಮೇವು ಅಂದರೆ ಹುರುಳಿ ಅಂತಲೇ ತಲೆಯಲ್ಲಿರುತ್ತದೆ. ಇಲ್ಲಿ ಹುರುಳಿಯ ಸುದ್ದಿಯೇ ಇಲ್ಲ, ಹುಲ್ಲೇ ಮುಖ್ಯ.) ಹೊಟ್ಟೆ ನೋಯುತ್ತಿರುವ ಕುದುರೆ ಜೀನಿನ ಬೆಲ್ಟ್ ಬಿಗಿಯುವಾಗ ಕಚ್ಚಲು ಬರುತ್ತದೆ, ಸವಾರರು ಕಾಲು ಒತ್ತಿದರೆ ಮುಂದೆ ಹೋಗುವುದಿಲ್ಲ. ಆಗ ಇದು ಹಟಮಾರಿ ಕುದುರೆ, ಇನ್ನೂ ಜೋರಾಗಿ ಒದಿ ಅಂತ ಹೇಳುವ ಕೋಚ್ ಮತ್ತು ಪಾಠ ನಿಲ್ಲಿಸಿ ಜೀನು ಬಿಚ್ಚಿ ನೋಡುವ ಕೋಚ್, ಇಬ್ಬರ ನಡುವಿನ ವ್ಯತ್ಯಾಸ ಪೊರಕೆ ಹಿಡಿದ ವರ್ಷಗಳಲ್ಲಿದೆ.

ಕಲಿಸುವಾಗ ನಾನು ಮಾತಾಡುವುದಕ್ಕಿಂತ ನೋಡುವುದೇ ಜಾಸ್ತಿ. ಹೊಸಬರನ್ನು ಕಟ್ಟೆ ಹತ್ತಿಸಿ ಕುದುರೆಯ ಮೇಲೆ ಕೂರಿಸುತ್ತೇವೆ. ನೆಲದಿಂದ ಜೀನು ಹಿಡಿದು ಎಳೆದುಕೊಂಡು ಹತ್ತಿದರೆ ಅದರ ಬೆನ್ನು ತಿರುಚಿದಂತಾಗುತ್ತದೆ. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕೆ ಬರಬೇಕು. ದೊಡ್ಡವರ ತೂಕ ಕೇಳುವುದೂ ನಮ್ಮ ಕೆಲಸವೇ. ಬಹಳ ಜನಕ್ಕೆ ಮುಜುಗರ ಆಗುತ್ತದೆ, ಆದರೂ ಕೇಳಲೇಬೇಕು, ಹೊರುವ ಪ್ರಾಣಿ ಬಾಯಿ ಬಿಟ್ಟು ಹೇಳುವುದಿಲ್ಲ ಅಲ್ವಾ. ನಾನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದ ಹಾಗೆ, ನೇರವಾಗಿ ಕೇಳುತ್ತೇನೆ.

ಐವತ್ತು ದಾಟಿದ ಒಬ್ಬ ಹೆಂಗಸು ನನ್ನ ಹತ್ತಿರ ಬರುತ್ತಾರೆ. ಹಿಂದೆ ಎಲ್ಲೋ ಬಿದ್ದು ಪೆಟ್ಟು ಮಾಡಿಕೊಂಡವರು. ಕುದುರೆ ಹೆಜ್ಜೆ ಹಾಕಿದ ಕೂಡಲೇ ಉಸಿರು ಹಿಡಿಯುತ್ತಿದ್ದರು. ಉಸಿರು ಹಿಡಿದರೆ ಸೊಂಟ ಬಿಗಿಯುತ್ತದೆ, ಸೊಂಟ ಬಿಗಿದರೆ ಕುದುರೆಯ ಹೆಜ್ಜೆ ಗಿಡ್ಡ ಆಗುತ್ತದೆ, ಅದನ್ನು ನೋಡಿ ಇವರಿಗೆ ಇನ್ನೂ ಭಯ. ಹೆದರಬೇಡಿ ಅಂತ ಹೇಳಿದರೆ ಯಾರ ಹೆದರಿಕೆಯೂ ಹೋಗುವುದಿಲ್ಲ. ಕುದುರೆ ನಡೆಯುವಾಗ ನಾಲ್ಕು ಕಾಲೂ ಒಂದೊಂದಾಗಿ ನೆಲ ಮುಟ್ಟುತ್ತವೆ, ಅದನ್ನು ಗಟ್ಟಿಯಾಗಿ ಎಣಿಸಿ ಅಂದೆ. ಉಸಿರು ಹಿಡಿದುಕೊಂಡು ಎಣಿಸುವುದು ಆಗುವುದಿಲ್ಲ. ಎಣಿಸುತ್ತಾ ಎಣಿಸುತ್ತಾ ಅವರ ಭುಜ ಇಳಿಯಿತು, ಕುದುರೆಯ ಕತ್ತು ಇಳಿಯಿತು. ಈಗ ನಡಿಗೆಗಿಂತ ಚುರುಕಾದ ಟ್ರಾಟ್‌ನಲ್ಲಿ ಎರಡು ತಾಳಕ್ಕೆ ಎದ್ದು ಕೂರುತ್ತಾರೆ, ಅದಕ್ಕಿಂತ ವೇಗದ ಕ್ಯಾಂಟರ್‌ನ ಮೂರು ತಾಳ ಇನ್ನೂ ಬಾಕಿ. ಅವಸರ ಇಲ್ಲ.

ವಾರದಲ್ಲಿ ಒಂದು ದಿನ ರೈಡಿಂಗ್ ಫಾರ್ ದ ಡಿಸೇಬಲ್ಡ್ (ಅಂಗವಿಕಲರಿಗೆ ಸವಾರಿ) ಗುಂಪಿಗೆ ಕಲಿಸಲು ಹೋಗುತ್ತೇನೆ. 1969ರಲ್ಲಿ ಶುರುವಾದ ಸಂಸ್ಥೆ ಅದು, ರಾಜಕುಮಾರಿ ಆನ್ ಅದರ ಅಧ್ಯಕ್ಷೆ. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಡ್ರೆಸಾಜ್ (ಕುದುರೆಯನ್ನು ನಿಗದಿತ ಹೆಜ್ಜೆಗಳಲ್ಲಿ ನಡೆಸುವ ಸ್ಪರ್ಧೆ) ಬೆಳ್ಳಿ ಗೆದ್ದ ಮೇಲೆ ಇಂಥ ಕೆಲಸಕ್ಕೆ ಎಲ್ಲೆಡೆ ಹುರುಪು ಬಂತು. ಒಂದು ಮಗುವಿಗೆ ಮುಂದೆ ಒಬ್ಬರು, ಅಕ್ಕಪಕ್ಕ ಇಬ್ಬರು ನಡೆಯಬೇಕಾಗಬಹುದು, ಅವರೆಲ್ಲ ಸ್ವಯಂಸೇವಕರು. ನಡೆಯುವ ಕುದುರೆಯ ಮೇಲೆ ಕೂತವರ ಸೊಂಟ ತಾನಾಗಿ ಹಿಂದೆ ಮುಂದೆ ಆಡುತ್ತದೆ, ಹೆಚ್ಚುಕಡಿಮೆ ಮನುಷ್ಯ ನಡೆದ ಹಾಗೆಯೇ. ಸ್ವಂತ ಕಾಲಲ್ಲಿ ನಡೆಯಲಾಗದ ಮಕ್ಕಳ ಮೈಗೆ ಅದು ಸಿಗುತ್ತದೆ. ಇಂಥ ಗುಂಪುಗಳು ನಮ್ಮ ಜಿಲ್ಲೆ ಜಿಲ್ಲೆಗಳಲ್ಲೂ ಬರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮೈಸೂರಿನಲ್ಲಿ ಪೊಲೀಸ್ ಅಶ್ವದಳ ಇದೆ, ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲವಿದೆ. ಕುದುರೆ ಬಲ್ಲ ಕೈಗಳಿಗೆ ನಮ್ಮಲ್ಲಿ ಬರವಿಲ್ಲ.

ಕಷ್ಟದ ಮಾತನ್ನೂ ಹೇಳಬೇಕು. ಸಂಬಳ ಐಟಿಗೆ ಹೋಲಿಸಿದರೆ ತುಂಬಾ ಕಡಿಮೆ. ನನ್ನಂತೆ ಯಾರ್ಡ್‌ನಿಂದ ಯಾರ್ಡ್‌ಗೆ ಹೋಗಿ ಕಲಿಸುವವರಿಗೆ ಮಳೆ ಬಂದು ಪಾಠ ನಿಂತರೆ ಆ ದಿನದ ದುಡ್ಡಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಕೆಸರು ಮೊಣಕಾಲಿಗೆ. ಹುಲ್ಲು, ವಿಮೆ, ಎಲ್ಲದರ ಬೆಲೆ ಏರಿ ಈಚಿನ ವರ್ಷಗಳಲ್ಲಿ ರೈಡಿಂಗ್ ಸ್ಕೂಲುಗಳು ಒಂದರ ಹಿಂದೆ ಒಂದು ಮುಚ್ಚಿವೆ. ಸರ್ಟಿಫಿಕೇಟ್ ಒಮ್ಮೆ ಸಿಕ್ಕರೆ ಮುಗಿಯಲಿಲ್ಲ: ಬಿಎಚ್ಎಸ್ ಮಾನ್ಯತೆಯ ಕೋಚ್‌ಗಳ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ಪ್ರಥಮ ಚಿಕಿತ್ಸೆ, ಮಕ್ಕಳ ಸುರಕ್ಷತೆಯ ತರಬೇತಿ, ಪೊಲೀಸ್ ದಾಖಲೆ ಪರಿಶೀಲನೆ, ವಿಮೆ ಎಲ್ಲವನ್ನೂ ನವೀಕರಿಸುತ್ತಲೇ ಇರಬೇಕು. ರಸ್ತೆಗೆ ಇಳಿದರೆ ಇನ್ನೊಂದು ಚಿಂತೆ. 2022ರಿಂದ ಹೈವೇ ಕೋಡ್ ಅನ್ನುವ ಇಲ್ಲಿನ ರಸ್ತೆ ನಿಯಮಗಳ ಪುಸ್ತಕದಲ್ಲಿ, ಕುದುರೆಯನ್ನು ಹಿಂದೆ ಹಾಕಿ ಹೋಗುವಾಗ ಗಂಟೆಗೆ 10 ಮೈಲಿ ಮೀರಬೇಡಿ, ಕನಿಷ್ಠ 2 ಮೀಟರ್ ಜಾಗ ಬಿಡಿ ಅಂತ ಬರೆದಿದ್ದಾರೆ, ಆದರೂ ಉಜ್ಜಿಕೊಂಡೇ ಹೋಗುವ ಕಾರುಗಳಿವೆ.

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನಕ್ಕೆ ಬಂದ ಮೇಲೆ, 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸಾಜ್ ತಂಡ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮೇಲೆ, ಸವಾರಿ ಕಲಿಯುವ ಆಸೆ ನಮ್ಮಲ್ಲಿ ಬೆಳೆದಿರುವುದು ಖುಷಿಯ ವಿಷಯ. ಆಸೆ ಇರುವವರಿಗೆ ನನ್ನ ಮಾತು ಇಷ್ಟೇ. ವಿಮಾನ ಹತ್ತುವ ಮೊದಲು ವೀಸಾದ ಷರತ್ತನ್ನು ಪೂರ್ತಿ ಓದಿ. ಅದಕ್ಕೂ ಮೊದಲು ನಿಮ್ಮ ಹತ್ತಿರದ ರೈಡಿಂಗ್ ಸ್ಕೂಲಿಗೆ ಹೋಗಿ, ಪಾಠದ ಜೊತೆಗೆ ಬೆಳಿಗ್ಗೆ ಲಾಯದ ಕೆಲಸವನ್ನೂ ಕಲಿಸಿಕೊಡಿ ಅಂತ ಕೇಳಿ. ಒಪ್ಪಿದರೆ ಅಲ್ಲೇ ಶುರು ಮಾಡಿ. ಅದೆಲ್ಲ ಬೇಡ, ಸುಮ್ನೆ ಬಂದು ಕುದುರೆ ಮೇಲೆ ಕೂತು ಹೋಗಿ ಅನ್ನುವ ಕಡೆ ದುಡ್ಡು ಹಾಕಬೇಡಿ.