ತಪ್ಲಾ ಜರಾ ಖೋದಿ ತಗೊಂಡಿ

ಮಹಾರಾಷ್ಟ್ರದ ಕುಪವಾಡಕ್ಕೆ ಹೋಗಿಬರುತ್ತೇನೆ ಎಂದಾಗ ನಮ್ಮತ್ತೆ, "ಅಲ್ಲೇನಿದೆ ನೋಡೋಕೆ?" ಎಂದು ಕೇಳಿದರು. ಕೋಟೆ, ಜಲಪಾತ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ವಾಕ್ಯ ಇದೆ ಎಂದರೆ ನಗುತ್ತಾರೆ. ಹಾಗಾಗಿ ಪಕ್ಕದ ಮಿರಜಿನಲ್ಲಿ ಸಿತಾರ್ ಮಾಡುವವರನ್ನು ನೋಡಿಕೊಂಡು ಬರ್ತೀನಿ ಅಂದುಬಿಟ್ಟೆ. ಅದೇನೂ ಸುಳ್ಳಲ್ಲ, ನೋಡಿದೆ ಕೂಡ.

ಆ ವಾಕ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಂ.ಎ. ಓದುವಾಗ ಭಾಷಾವಿಜ್ಞಾನದ ಮೇಷ್ಟರು ಬೋರ್ಡಿನ ಮೇಲೆ ಒಂದೇ ಊರಿನ ಮಾತಿನ ಮೂರು ಸಾಲು ಬರೆದಿದ್ದರು. ಉರ್ದುವಿನಲ್ಲಿ "ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ". ಮರಾಠಿಯಲ್ಲಿ "ಪಾಲಾ ಜರಾ ಕಾಪೂನ್ ಘೇಊನ್ ಆಲೋ". ಕನ್ನಡದಲ್ಲಿ "ತಪ್ಲಾ ಜರಾ ಖೋದಿ ತಗೊಂಡಿ ಬೈನ್". ಸ್ವಲ್ಪ ಸೊಪ್ಪು ಕೊಯ್ದುಕೊಂಡು ಬಂದೆ, ಅಷ್ಟೇ ಅರ್ಥ. ಮೂರೂ ಸಾಲಿನಲ್ಲಿ ಪದಗಳು ಬೇರೆ, ಕೂತ ಜಾಗ ಒಂದೇ. ಸೊಪ್ಪಿನ ಕೆಳಗೆ ಸೊಪ್ಪು, ಕೊಯ್ದು ಕೆಳಗೆ ಕೊಯ್ದು, ಬಂದೆ ಕೆಳಗೆ ಬಂದೆ. ಒಂದು ಸಾಲಿನ ಪದ ಕಿತ್ತು ಇನ್ನೊಂದರದ್ದು ಇಟ್ಟರೆ ವಾಕ್ಯ ತಯಾರು. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನದ ಸಾಲುಗಳಿವು. ಊರು ಸಾಂಗ್ಲಿ ಜಿಲ್ಲೆಯ ಕುಪವಾಡ. ಆಗ ಅಲ್ಲಿ ಸುಮಾರು ಮೂರು ಸಾವಿರ ಜನ. ಜೈನರೂ ಲಿಂಗಾಯತರೂ ಕನ್ನಡ, ಮುಸ್ಲಿಮರು ಉರ್ದು, ದಲಿತರೂ ಕೂಲಿಕಾರರೂ ಮರಾಠಿ, ಹಗ್ಗ ಹೊಸೆಯುವ ಕೆಲವು ಮನೆಯವರು ತೆಲುಗು. ಶತಮಾನಗಟ್ಟಲೆ ಒಂದೇ ಊರಲ್ಲಿದ್ದು ಯಾರೂ ತಮ್ಮ ಭಾಷೆ ಬಿಟ್ಟಿರಲಿಲ್ಲ. ಆದರೆ ಒಳಗಿನ ವ್ಯಾಕರಣ ಮಾತ್ರ ಕರಗಿ ಒಂದಾಗಿತ್ತು. ನಿಘಂಟು ಮೂರು, ವ್ಯಾಕರಣ ಒಂದು ಎಂದು ಮೇಷ್ಟರು ಹೇಳಿದ್ದು ಇಪ್ಪತ್ತೈದು ವರ್ಷ ತಲೆಯಲ್ಲಿ ಕೂತಿತ್ತು.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಮಾರನೆಯ ದಿನ ಮಧ್ಯಾಹ್ನ ಮಿರಜಿನಲ್ಲಿ ಇಳಿದೆ. ಬೆಳಗಾವಿ ದಾಟಿದ ಮೇಲೆ ಬೋಗಿಯೊಳಗೆ ಚಹಾ ಮಾರುವವನ ಕೂಗು ಒಂದು ಸ್ಟೇಷನ್ನಿನಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ. ಚಹಾ ಮಾತ್ರ ಎರಡರಲ್ಲೂ ಪಾನಕ. ಸಕ್ಕರೆ ಕಾರ್ಖಾನೆಗಳ ಸೀಮೆ ಅಂತ ಹೀಗಾ?

ಮೊದಲ ದಿನದ ಅನಾಹುತ ಈಗಲೂ ಉರಿಯುತ್ತದೆ, ಆದ್ದರಿಂದ ಹೇಳಿಬಿಡಬೇಕು. ಸ್ಟೇಷನ್ ಹೊರಗೆ ಆಟೋದವನಿಗೆ "ಕುಪವಾಡ" ಅಂದೆ. ಅವನು ಕರೆದುಕೊಂಡು ಹೋಗಿ ಇಳಿಸಿದ್ದು ಎಂಐಡಿಸಿಯಲ್ಲಿ. ಕೈಗಾರಿಕಾ ವಸಾಹತು. ಉದ್ದಕ್ಕೂ ಷೆಡ್ಡುಗಳು, ತೂಕದ ಕಟ್ಟೆ, ಲಾರಿಗಳ ಸಾಲು. ಕನ್ನಡ ಮಾತಾಡುವವರನ್ನು ಹುಡುಕುತ್ತ ಮುಕ್ಕಾಲು ಗಂಟೆ ಬಿಸಿಲಲ್ಲಿ ನಡೆದೆ. ಸಿಕ್ಕಿದವರು ಇಬ್ಬರು, ಇಬ್ಬರೂ ಬಿಹಾರದವರು. ನೀವು ಹೋಗುವುದಾದರೆ "ಕುಪವಾಡ ಗಾವ್" ಎನ್ನಿ, ಗಾವ್ ಎಂಬುದನ್ನು ಎರಡು ಸಲ ಎನ್ನಿ. ಆ ಲೇಖನದ ಹಳ್ಳಿ ಈಗ ಹಳ್ಳಿಯಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. 1998ರಲ್ಲೇ ಸಾಂಗ್ಲಿ, ಮಿರಜ್, ಕುಪವಾಡ ಮೂರೂ ಸೇರಿ ಒಂದು ಮಹಾನಗರಪಾಲಿಕೆ ಆಗಿವೆ. ಗೊತ್ತಿದ್ದೂ ಮನಸ್ಸಿನಲ್ಲಿ ಆಲದ ಮರ, ಕಟ್ಟೆ, ಎತ್ತಿನ ಗಾಡಿ ಇಟ್ಟುಕೊಂಡು ಹೋಗಿದ್ದೆ. ತಪ್ಪು ನನ್ನದೇ, ಆದರೂ ನೂರೈವತ್ತು ರೂಪಾಯಿ ಅವನದು.

ಎರಡನೆಯ ದಿನ ಸಾಂಗ್ಲಿ. ಕೃಷ್ಣಾ ದಂಡೆಯ ಗಣಪತಿ ಗುಡಿ ನೋಡಿದೆ, ಭಡಂಗ್ ಕೊಂಡೆ. ನಮ್ಮ ಚುರುಮುರಿಯನ್ನು ಹೊಗಳುವವರು ಒಮ್ಮೆ ಈ ಭಡಂಗ್ ತಿಂದು ಮಾತಾಡಲಿ. ಬೆಳ್ಳುಳ್ಳಿ, ಕಡಲೆಕಾಯಿ, ಖಾರ, ಎಲ್ಲವೂ ಹದ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೇ ಗಾವ್‌ಗೆ ಹೋದೆ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಅರ್ಥವಾಗದೆ ಅಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರವೇ, ಆದರೆ ಮರಾಠಿಯಲ್ಲಿ. ಬೀದಿಯ ಭಾಷೆ ಅದು. ಲೇಖನದಲ್ಲೂ ಹಾಗೇ ಇತ್ತು. ಯಾರ ಮನೆಯದೂ ಅಲ್ಲದಂತೆ ಎಲ್ಲರ ನಡುವೆ ನಿಲ್ಲುವ ಮಾತು ಮರಾಠಿ. ಜೈನ ಬಸದಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಈಳಗಿ ಇಟ್ಟುಕೊಂಡು ಮೆಂತೆ ಹೆಚ್ಚುತ್ತಿದ್ದರು. ಒಂದು ಕಾಲು ಮಣೆಯ ಮೇಲೆ, ಬೆರಳ ತುದಿಯಲ್ಲಿ ಅರಿಸಿನದ ಹಳದಿ. ಕಣ್ಣು ನನ್ನ ಮೇಲೆ, ಕೈ ಸೊಪ್ಪಿನ ಮೇಲೆ. ನಾನು ಮಾಡಿದ ಮೂರ್ಖತನ ಏನೆಂದರೆ, ನಮಸ್ಕಾರಕ್ಕೆ ಮೊದಲೇ ಆ ವಾಕ್ಯವನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದ್ದು: "ತಪ್ಲಾ ಜರಾ ಖೋದಿ ತಗೊಂಡಿ ಬೈನ್."

ಅವರು ಈಳಗಿಯಿಂದ ಕೈ ತೆಗೆದು ನನ್ನ ಚೀಲ ನೋಡಿದರು. "ಎಲ್ಲೈತಿ ತಪ್ಲಾ?"

ಇಲ್ಲ ಅಜ್ಜಿ, ಸುಮ್ಮನೆ ಹೇಳಿದೆ, ನಿಮ್ಮೂರಲ್ಲಿ ಹೀಗೆ ಮಾತಾಡ್ತಾರಂತೆ, ಪುಸ್ತಕದಲ್ಲಿ ಓದಿದ್ದೆ ಎಂದೆ. "ತಪ್ಲಾ ಕೊಯ್ಯೂದ ಪುಸ್ತಕದಾಗ ಬರೀತಾರಾ?" ಎಂದು ನಕ್ಕರು. ಆಮೇಲೆ, "ಬಿಸಲಾಗ್ಯಾಕ ನಿಂತೀರಿ, ಒಳಗ ಬರ್ರಿ. ಇದ ನಿಮ್ದ ಮನಿ ಐತಿ."

ಹೊಸಿಲ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತು ಚೀಲದಲ್ಲಿ ನೋಟ್‌ಬುಕ್ ಹುಡುಕಿದೆ. ಯಾಕೆಂದರೆ ಆ ಲೇಖನದ ಇನ್ನೊಂದು ಮುಖ್ಯ ಉದಾಹರಣೆ ಇಂಥದ್ದೇ. ನಾವು "ಇದು ನಿಮ್ಮ ಮನೆ" ಎಂದು ನಿಲ್ಲಿಸುತ್ತೇವೆ, "ಇದೆ" ಸೇರಿಸುವುದಿಲ್ಲ. ಮರಾಠಿಯವರು "ಹೇ ತುಮಚಂ ಘರ್ ಆಹೇ" ಎನ್ನುವಾಗ ಕೊನೆಯ "ಆಹೇ" ಬೇಕೇ ಬೇಕು. ಉರ್ದುವಿಗೂ "ಹೈ" ಬೇಕು. ಕುಪವಾಡದ ಕನ್ನಡ ಅದನ್ನು ನೋಡಿ "ಐತಿ" ತಂದಿಟ್ಟುಕೊಂಡಿದೆ. ಜೊತೆಗೆ "ನಿಮ್ಮ ಮನೆ", "ಮನೆ ನಿಮ್ಮದು" ಎಂದು ನಾವು ಎರಡು ರೂಪ ಬಳಸುವ ಕಡೆ ಅವರಿಗೆ ಎರಡಕ್ಕೂ "ನಿಮ್ದ" ಒಂದೇ ಸಾಕು. ಹಾಗೆಂದು ಕನ್ನಡವೊಂದೇ ಬಾಗಿತು ಎಂದುಕೊಳ್ಳಬೇಡಿ. ಮರಾಠಿಯಲ್ಲಿ ನದಿ ಹೆಣ್ಣು, ಉರ್ದುವಿನಲ್ಲೂ ಹೆಣ್ಣು. ಈ ಊರಿನ ಮರಾಠಿ, ಉರ್ದುಗಳು ಕನ್ನಡದ ಹಾಗೆ ಲಿಂಗವನ್ನು ಮನುಷ್ಯರಿಗೆ ಬಿಟ್ಟು, ನದಿಯನ್ನು "ಅದು" ಮಾಡಿಕೊಂಡಿದ್ದವು. ಕೊಟ್ಟೂ ಇದೆ, ತಗೊಂಡೂ ಇದೆ.

ಇಷ್ಟೆಲ್ಲ ಬರೆದುಕೊಳ್ಳುವ ಹೊತ್ತಿಗೆ ಅಜ್ಜಿ ನೀರು ತಂದು ನಿಂತಿದ್ದರು. ಮನೆಗೆ ಕರೆದವರ ಮಾತನ್ನು ನಾನು ಉದಾಹರಣೆ ಮಾಡಿಕೊಂಡೆನಲ್ಲ ಎಂದು ನಾಚಿಕೆಯಾಗಿ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಮುಂದಿನ ಮೂರು ಗಂಟೆ ಅಡುಗೆಮನೆಯಲ್ಲಿ. ನಾನು ಮೆಂತೆ ಬಿಡಿಸಿದೆ, ಅವರು ಭಾಕರಿ ಬಡಿದರು. ಮಾತಿನ ಮಧ್ಯೆ ನಾನು ಮೈಸೂರು ಸೀಮೆಯ ಅಭ್ಯಾಸದಂತೆ "ಅಜ್ಜಿ" ಎನ್ನುತ್ತಲೇ ಇದ್ದೆ. ಒಮ್ಮೆ ತಡೆದು ಹೇಳಿದರು.

"ನಾವು ಅಜ್ಜಿ ಅಂತಿದ್ದಿಲ್ರಿ, ಆಯಿ ಅಂತಿದ್ವಿ. ನಮ್ಮ ಆಯಿ ಕರೇ ಸೀರಿ ಉಟಗೋತಿದ್ಲ."

"ಹಾಗಾದ್ರೆ ನಿಮ್ಮನ್ನೂ ಮೊಮ್ಮಕ್ಕಳು ಆಯಿ ಅಂತಾರಾ?"

"ಎಲ್ಲೀದರಿ! ಅವು ಅವ್ರ ಅವ್ವಗ ಆಯಿ ಅಂತಾವ. ನನಗ ಆಜಿ."

ಈ ಭಾಗದ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಪದ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಇದೆ, ಒಂದು ತಲೆಮಾರು ಕೆಳಗಿಳಿದು ಸೊಸೆಯ ಮೇಲೆ ಕೂತಿದೆ. ಅರವತ್ತು ವರ್ಷ ಕಾದ ಮೇಲೆ ಇವರ ಪಾಲಿಗೆ ಬರಬೇಕಿದ್ದ ಹೆಸರು ಅದು. ಅವರು ಅದನ್ನೊಂದು ದೂರಾಗಿ ಹೇಳಲಿಲ್ಲ. ಭಾಕರಿ ತಿರುವಿ ಹಾಕುತ್ತ ಹೇಳಿದರು, ನಾನೇ ತಡೆದುಕೊಳ್ಳಲಾರದೆ ಲೋಟ ಎತ್ತಿ ನೀರು ಕುಡಿದೆ.

ಈಗ ಯಾರ ಜೊತೆ ಕನ್ನಡ ಮಾತಾಡ್ತೀರಿ ಎಂದು ಕೇಳಿದೆ. ಬೆರಳು ಮಡಚಿದರು. ಗಂಡ ಹೋಗಿ ನಾಲ್ಕು ವರ್ಷ. ಹಿಂದಿನ ಮನೆಯ ವಾರಗಿತ್ತಿ, ಅವರಿಗೆ ಕಿವಿ ಕೇಳಿಸುವುದಿಲ್ಲ. ಅಥಣಿಯ ತಂಗಿ, ಫೋನಿನಲ್ಲಿ. ಮಗನಿಗೆ ಬರುತ್ತದೆ, ಸಿಟ್ಟು ಬಂದಾಗ ಆಡುತ್ತಾನೆ. "ಮತ್ತ ದನಾ ಇದ್ದಾಗ ದನಕ್ಕ," ಎಂದರು. ಶಾಲೆ ಮರಾಠಿ, ಕಚೇರಿ ಮರಾಠಿ, ಸೊಸೆ ಕೊಲ್ಹಾಪುರದವಳು. ಆ ಸೊಸೆ ಅಷ್ಟರಲ್ಲಿ ಕೆಲಸದಿಂದ ಬಂದು ಬಾಗಿಲಲ್ಲೇ "ಮೀ ಆಲೋ" ಎಂದಳು. ಪುಸ್ತಕದ ಮರಾಠಿಯಲ್ಲಿ ಹೆಣ್ಣು "ಆಲೇ" ಎನ್ನಬೇಕು. ಕೊಲ್ಹಾಪುರದ ಕಡೆಯ ಹೆಂಗಸರು ಗಂಡಸರ ಹಾಗೆ "ಆಲೋ, ಗೇಲೋ" ಎನ್ನುವುದು ಪುಣೆಯವರಿಗೆ ಹಳೆಯ ನಗೆಚಾಟಿಕೆ. ನನಗೆ ನಗು ಬರಲಿಲ್ಲ. ಕನ್ನಡದಲ್ಲಿ "ಬಂದೆ" ಎನ್ನಲು ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲವಲ್ಲ!

ಆದರೆ ನಾನು ಹೊತ್ತು ತಂದಿದ್ದ ಒಂದು ಕಲ್ಪನೆಯನ್ನು ಆಯಿ (ಇನ್ನು ಹಾಗೇ ಕರೆಯುತ್ತೇನೆ) ಸದ್ದಿಲ್ಲದೆ ಒಡೆದರು. ಇಷ್ಟು ಭಾಷೆಗಳು ಒಂದನ್ನೊಂದು ನುಂಗದೆ ಉಳಿದವು, ಎಂಥ ಸೌಹಾರ್ದ ಎಂದು ನಾನು ಭಾಷಣ ಶುರು ಮಾಡಿದ್ದೆ.

"ಹೊಲದಾಗ ಎಲ್ಲಾರೂ ಕೂಡೇ ದುಡೀತಿದ್ವಿರಿ. ಮುಸಲರ ಮಾತ ನಮಗ ಬರತಿತ್ತ, ನಮ್ದ ಅವ್ರಿಗೆ ಬರತಿತ್ತ. ಆದ್ರ ಅವ್ರ ಮನ್ಯಾಗ ನಾವ ನೀರ ಕುಡೀತಿದ್ದಿಲ್ಲ. ಹೊಲಗೇರಿ ಮಂದಿ ನಮ್ಮ ಹೊಸ್ತಲಾ ದಾಟತಿದ್ದಿಲ್ಲ. ಮನಿ ಮಾತ ಮನ್ಯಾಗ ಉಳೀತ."

ಮೇಷ್ಟರ ನೋಟ್ಸಿನಲ್ಲಿ ಇದು "ಮನೆಯ ವಲಯ, ಹೊರಗಿನ ವಲಯಗಳ ಕಟ್ಟುನಿಟ್ಟಾದ ಪ್ರತ್ಯೇಕತೆ" ಎಂದಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಹೊಸ್ತಿಲು ಎಂದರೆ ನಿಜವಾದ ಹೊಸ್ತಿಲು ಎಂದು ಹೊಳೆದಿರಲಿಲ್ಲ. ಹೊಲದಲ್ಲಿ ದಿನವಿಡೀ ಜೊತೆಗಿದ್ದದ್ದರಿಂದ ವ್ಯಾಕರಣ ಕಲೆಯಿತು. ರಾತ್ರಿ ಬಾಗಿಲು ಹಾಕಿಕೊಂಡದ್ದರಿಂದ ಪದಗಳು ಉಳಿದವು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಈ ಊರು ಆಚೆ ಉಳಿಯಿತು, ಶಾಲೆ ಬಂತು, ಕಾರ್ಖಾನೆ ಬಂತು, ಬಾಗಿಲುಗಳು ಅಷ್ಟಿಷ್ಟು ತೆರೆದವು. ಮನೆಯ ಮಾತು ತೆಳ್ಳಗಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಆ ಲೇಖನ ಬಂದ ಸುಮಾರು ನಲವತ್ತು ವರ್ಷಗಳ ನಂತರ ಇದೇ ಊರನ್ನು ಮತ್ತೆ ಅಧ್ಯಯನ ಮಾಡಿದ್ದಾರೆ. ಇದರಲ್ಲಿ ಯಾವುದಕ್ಕೆ ಅಳಬೇಕು ಎಂದು ಆಯಿಯ ಅಡುಗೆಮನೆಯಲ್ಲಿ ನನಗೆ ತಿಳಿಯಲಿಲ್ಲ. ಹೊಸ್ತಿಲು ಸವೆದದ್ದಕ್ಕಂತೂ ಅಳಲಾರೆ.

ಊಟಕ್ಕೆ ಭಾಕರಿ, ಮೆಂತೆ ಪಲ್ಯ, ಹಿಂಡಿ ಚಟ್ನಿ. ಮೇಲೆ ತುಪ್ಪ. ಸೊಸೆ ಬಡಿಸುತ್ತ "ತೂಪ್?" ಎಂದಳು. ಊಟವಾದ ಮೇಲೆ ಅಡಿಕೆ ಕತ್ತರಿಸುವ ಅಡಕತ್ತರಿ ಬಂತು, ಅದನ್ನವಳು "ಅಡಕಿತ್ತಾ" ಎಂದಳು. ಇವೆರಡೂ ಕನ್ನಡದಿಂದ ಮರಾಠಿಗೆ ಹೋದ ಪದಗಳು ಎಂದು ವಿದ್ವಾಂಸರು ಹೇಳುತ್ತಾರೆ. ಅವಳಿಗೆ ಹೇಳಿದೆ. "ಖರಂಚ್?" (ನಿಜವಾ?) ಎಂದು ಅತ್ತೆಯ ಮುಖ ನೋಡಿದಳು. ಆಯಿ, "ನಾ ಹೇಳಿದ್ರ ಕೇಳ್ತಿದ್ದಿಲ್ಲ, ಬೆಂಗಳೂರಿಂದ ಬಂದ ಹೇಳಬೇಕ ಇಕೀಗೆ," ಎಂದರು, ಅದೂ ಕನ್ನಡದಲ್ಲೇ. ಸೊಸೆ ನಕ್ಕಳು. ಅಂದರೆ ತಿಳಿಯುತ್ತದೆ.

ಹೊರಡುವಾಗ ಆಯಿ ಹಿತ್ತಲಿಗೆ ಕರೆದೊಯ್ದರು. ಒಂದು ಮಡಿ ರಾಜಗಿರಿ, ಎರಡು ಮಡಿ ಮೆಂತೆ. ಕುಡುಗೋಲು ನನ್ನ ಕೈಗೆ ಕೊಟ್ಟು, "ನೀವ ಕೊಯ್ಕೋರಿ. ಪುಸ್ತಕದಾಗ ಓದಿ ಬಂದೀರಿ," ಎಂದರು. ಬುಡ ಕಿತ್ತು ಬರದಂತೆ ಎಡಗೈಯಲ್ಲಿ ಹಿಡಿದು ಅಡ್ಡಡ್ಡ ಎಳೆಯಬೇಕಂತೆ. ನನಗೆ ಬರಲಿಲ್ಲ, ಅರ್ಧ ಬೇರು ಸಮೇತ ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟರು.

ಬೆಂಗಳೂರು ಮುಟ್ಟುವ ಹೊತ್ತಿಗೆ ಮೆಂತೆ ಸೋತಿತ್ತು, ರಾಜಗಿರಿ ಗಟ್ಟಿಯಾಗಿತ್ತು. ಅತ್ತೆ ಬಾಗಿಲು ತೆರೆದು, "ಸಿತಾರ್ ನೋಡಿದ್ಯಾ? ಏನು ತಂದೆ ಅಲ್ಲಿಂದ?" ಎಂದರು.

"ತಪ್ಲಾ ಜರಾ ಖೋದಿ ತಗೊಂಡಿ ಬೈನ್," ಎಂದೆ.

"ಅದೇನು ತೆಲುಗಾ?" ಎನ್ನುತ್ತ ಗಂಟನ್ನು ಇಸಕೊಂಡು, ಬೇರಿನ ಮಣ್ಣು ನೋಡಿ, "ಸೊಪ್ಪು ಕೊಯ್ಯೋಕೂ ಬರಲ್ಲ ನಿಂಗೆ," ಎಂದು ಒಳಗೆ ಹೋದರು.